ಬದಲಾದ ಗುಳಿಗೆಗೆ ಬಸ್ ಕಂಡಕ್ಟರ್ ಹೊಣೆಯೇ?

ಜಿಲ್ಲೆಯ ಔಷಧ ಸರಬರಾಜಿನ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗುಳಿಗೆಯನ್ನು ಬದಲಿಸಿದವರು ನೀವು. ಬದಲಿಸಿದ್ದನ್ನು ನನಗೆ ತಿಳಿಸದೆ ಇದ್ದವರೂ ನೀವೇ. ಆದರೆ ಅಮಾನತುಗೊಂಡು ದಾಂಡೇಲಿಯ ಮನೆಯಲ್ಲಿ ಕುಳಿತಿರುವವರು ಉಳವಿ ಬಸ್ಸಿನ ಕಂಡಕ್ಟರ್ ಮೆಹಬೂಬ. ನೀವು ಕಳಿಸಿದ ವರದಿಯನ್ನು ನಂಬಿ ಸಾರಿಗೆಯವರು ಅವರ ಮೇಲೆ ವಿಚಾರಣೆ ನಡೆಸುತ್ತಿದ್ದಾರೆ. ಬರುವ ಸೋಮವಾರ ಅವರ ವಿರುದ್ಧ ಸಾಕ್ಷಿ ಹೇಳಲು ನನಗೆ ಕರೆ ಬಂದಿದೆ. ಆ ವರದಿ ಬಂದ ಮೇಲೆ ನಾನು ನಿಮಗೆ ಬರೆದ ಅರ್ಜಿಗಳೆಲ್ಲ ನಿಮ್ಮ ಕಚೇರಿಯಲ್ಲಿ ಯಾರ ತೊಂದರೆಯೂ ಇಲ್ಲದೆ ಸುಖವಾಗಿರುವಂತೆ ಕಾಣುವುದರಿಂದ, ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಕಸುವು ಬೇಕು. ನನ್ನಲ್ಲಿ ಸದ್ಯಕ್ಕೆ ಅದು ಅಷ್ಟಾಗಿ ಉಳಿದಿಲ್ಲ.

ನೀವು ನನ್ನನ್ನು ಕಂಡವರಲ್ಲ, ಹಾಗಾಗಿ ಪರಿಚಯ ಹೇಳಿಕೊಳ್ಳಬೇಕು. ಮುಂಡಗೋಡ ತಾಲ್ಲೂಕಿನ ಒಂದು ತಾಂಡಾದಲ್ಲಿ ಹುಟ್ಟಿದವಳು ನಾನು. ಈಗ ಜೊಯಿಡಾದಿಂದ ಉಳವಿಗೆ ಹೋಗುವ ರಸ್ತೆಯ ಸಣ್ಣ ಊರೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡ ಹರೀಶ ಅದೇ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಮದುವೆಯ ನಂತರ ನನಗೆ ಎರಡು ಬಸಿರು ನಿಲ್ಲಲಿಲ್ಲ. ಎರಡನೆಯದು ಹೋದ ಮೇಲೆ ಎಡಗಾಲು ಬಾತುಕೊಂಡು ನೆಲಕ್ಕೆ ಊರಲಾಗದಂತಾಯಿತು. ನನ್ನ ಅವ್ವ ಕಮಲಿಬಾಯಿ ತಾಂಡಾದಿಂದ ಬಂದು ಉಳುಕಿರಬೇಕೆಂದು ಬಿಸಿ ಎಣ್ಣೆ ಹಚ್ಚಿ ಕಾಲನ್ನು ಚೆನ್ನಾಗಿ ತಿಕ್ಕಿದಳು. ಹುಬ್ಬಳ್ಳಿಯ ವೈದ್ಯರು ಅದನ್ನು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ತಿಕ್ಕಿದ ರಭಸಕ್ಕೆ ಎದ್ದು ಶ್ವಾಸಕೋಶಕ್ಕೆ ಹೋಗಿದ್ದರೆ ನಾನು ಅವರ ಎದುರು ಕುಳಿತಿರುತ್ತಿರಲಿಲ್ಲವಂತೆ. ಆ ಮಾತನ್ನು ಅವ್ವನಿಗೆ ನಾನು ಇವತ್ತಿಗೂ ಹೇಳಿಲ್ಲ.

ರೋಗದ ಹೆಸರು ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಮಕ್ಕಳಿಗೆ ಪಾಠ ಹೇಳಿ ರೂಢಿಯಾದ ನನಗೇ ಆ ಹೆಸರು ಬಾಯಿಗೆ ಕೂರಲು ಬಹಳ ದಿನ ಬೇಕಾಯಿತು. ಹೊರಗಿನ ಸೋಂಕಿನಿಂದ ಮೈಯನ್ನು ಕಾಯಬೇಕಾದ ಶಕ್ತಿ ಮೈಯ ಮೇಲೆಯೇ ತಿರುಗಿ ಬೀಳುವ ಜಾತಿಯ ರೋಗ ಇದು. ನನ್ನಲ್ಲಿ ಅದು ರಕ್ತವನ್ನು ಹೆಪ್ಪುಗಟ್ಟಬಾರದ ಕಡೆ ಹೆಪ್ಪುಗಟ್ಟಿಸುತ್ತದೆ. ಬಸಿರು ನಿಲ್ಲದಿದ್ದುದಕ್ಕೂ ಅದೇ ಕಾರಣವಂತೆ. ವಾಸಿಯಾಗುವಂಥದ್ದಲ್ಲ. ರಕ್ತವನ್ನು ತೆಳುವಾಗಿಡುವ ಗುಳಿಗೆಯನ್ನು ಬದುಕಿರುವವರೆಗೂ ನುಂಗಬೇಕು. ಆಗಾಗ ರಕ್ತ ಪರೀಕ್ಷೆ ಮಾಡಿಸಿ, ಐ.ಎನ್.ಆರ್. ಎಂಬ ಅಂಕಿ ಎರಡು ಮತ್ತು ಮೂರರ ನಡುವೆ ಇದೆಯೇ ಎಂದು ನೋಡಿಕೊಳ್ಳಬೇಕು. ಕಡಿಮೆಯಾದರೆ ರಕ್ತ ಗಟ್ಟಿಯಾಗಿ ಲಕ್ವ ಹೊಡೆಯಬಹುದು, ಹೆಚ್ಚಾದರೆ ಒಳಗೊಳಗೇ ಸೋರಿ ಜೀವ ಹೋಗಬಹುದು. ನನ್ನ ಬದುಕು ಆ ಎರಡು ಅಂಕಿಗಳ ನಡುವಿನ ಜಾಗದಲ್ಲಿ ನಡೆದಿದೆ. ಮಗುವಿನ ವಿಷಯವನ್ನು ನಾನೂ ಹರೀಶನೂ ಸದ್ಯಕ್ಕೆ ಮಾತಾಡುವುದನ್ನೇ ಬಿಟ್ಟಿದ್ದೇವೆ.

ವಾರ್ಫರಿನ್ ಎಂಬ ಆ ಗುಳಿಗೆ ಜೊಯಿಡಾದ ಅಂಗಡಿಗಳಲ್ಲಿ ಸಿಗುವುದಿಲ್ಲ. ದಾಂಡೇಲಿಯಲ್ಲಿರುವ ನಿಮ್ಮ ಔಷಧ ಕೇಂದ್ರದಿಂದ ತರಬೇಕು. ಶಾಲೆಗೆ ಇಬ್ಬರೇ ಶಿಕ್ಷಕರು, ಹೋಗಿ ಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಅದಕ್ಕೇ ನಾನು ಮೆಹಬೂಬ ಭಾಯಿಯನ್ನು ಕೇಳಿದೆ. ನಮ್ಮ ಕಡೆ ಬಸ್ಸು ಎಂದರೆ ಬರೀ ಜನ ಹತ್ತುವ ಗಾಡಿಯಲ್ಲ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಗಿರಣಿಯ ಬೆಲ್ಟು, ಮಗಳ ಮನೆಗೆ ಕಳಿಸಿದ ಕೋಕಂ ಹುಳಿ, ಪರೀಕ್ಷೆಯ ಪ್ರಶ್ನೆಪತ್ರಿಕೆಯ ಕಟ್ಟು, ಸತ್ತ ಸುದ್ದಿ, ಹೆಣ್ಣು ನೋಡಲು ಬರುವ ಸುದ್ದಿ, ಎಲ್ಲವೂ ಕಂಡಕ್ಟರ ಸೀಟಿನ ಕೆಳಗೆ ಇಲ್ಲವೇ ಅವರ ಬಾಯಿಯಲ್ಲಿ ಬರುತ್ತವೆ. ಅವರು ಒಪ್ಪಿದರು. ನಿಮ್ಮ ಕೇಂದ್ರದವರೂ ಒಪ್ಪಿದರು. ವರ್ಷಗಟ್ಟಲೆ ಅವರ ಕೈಗೇ ಗುಳಿಗೆ ಕೊಟ್ಟರು. ಆಗ ಯಾರಿಗೂ ಅದು ಅನಧಿಕೃತ ಎನ್ನಿಸಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ನೀವು ತಿಳಿದಿರಬೇಕು. ಉಳವಿ ರಸ್ತೆಯ ಊರುಗಳಲ್ಲಿ ಮೃಗಶಿರಾ ಮಳೆಗೆ ಮೊದಲೇ ಮಳೆಗಾಲದ ಸಾಮಾನು ತುಂಬಿಡುತ್ತಾರೆ. ಮರ ಬಿದ್ದರೆ, ಹಳ್ಳ ಏರಿದರೆ ಬಸ್ಸು ಬರುವುದಿಲ್ಲ. ಹಾಗಾಗಿ ಅಕ್ಕಿ, ಉಪ್ಪು, ಒಣ ಮೀನು, ಸೀಮೆಎಣ್ಣೆ ಎಲ್ಲ ಮೊದಲೇ ಮನೆ ಸೇರಬೇಕು. ನಮ್ಮ ಪಕ್ಕದ ಮನೆಯ ಗೋದುಬಾಯಿ ನಾನು ಊರಿಗೆ ಹೊಸಬಳಾಗಿ ಬಂದಾಗಲೇ ನನಗೆ ಈ ಪಾಠ ಹೇಳಿದ್ದಳು. "ಅಕ್ಕೋರ, ನಿಮ್ಮ ಗುಳಿಗಿನೂ ಸಾಮಾನಿನ್ಯಾಗ ಹಿಡೀರಿ. ಡಬ್ಬಿ ಒಲಿ ಮ್ಯಾಲಿನ ಅಟ್ಟದಾಗ ಇಡ್ರಿ, ತಂಪು ಹತ್ತೂದಿಲ್ಲ" ಎಂದಿದ್ದಳು. ಹಾಗೆಯೇ ಕಳೆದ ಬೇಸಿಗೆಯಲ್ಲಿ ನಿಮ್ಮ ಕೇಂದ್ರದವರು ಇದ್ದಷ್ಟು ಗುಳಿಗೆ ಕೊಟ್ಟು, ಉಳಿದದ್ದನ್ನು ಮಳೆಗಾಲದ ನಡುವೆ ಕಳಿಸುತ್ತೇವೆ ಎಂದಿದ್ದರು. ಡಬ್ಬಿ ಅಟ್ಟ ಸೇರಿತು. ನಾನು ನಿಶ್ಚಿಂತಳಾಗಿದ್ದೆ.

ಆಷಾಢದಲ್ಲಿ ಒಂದು ದಿನ ಮೆಹಬೂಬ ಭಾಯಿ ಶಾಲೆಯ ಹತ್ತಿರ ಬಸ್ಸು ನಿಲ್ಲಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪೊಟ್ಟಣ ಕೊಟ್ಟರು. ನಿಮ್ಮ ಕೇಂದ್ರದಲ್ಲಿ ಗುಳಿಗೆಗಳನ್ನು ಹೆಸರು ಅಚ್ಚಾದ ಬೆಳ್ಳಿ ಬಣ್ಣದ ಹಾಳೆಯಿಂದ ಬಿಡಿಸಿ ಬಿಡಿಬಿಡಿಯಾಗಿ ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಹಾಳೆಸಮೇತ ಕೊಟ್ಟರೆ ನಾವು ರೋಗಿಗಳು ಅಂಗಡಿಗೆ ಮಾರಿಕೊಳ್ಳುತ್ತೇವೆ ಎಂಬುದು ನಿಮ್ಮ ನಂಬಿಕೆ. ಜೀವ ಉಳಿಸುವ ಗುಳಿಗೆಯನ್ನು ಮಾರಿ ನಾವು ಏನು ಕಟ್ಟಿಸುತ್ತೇವೆ ಎಂದು ನೀವು ಅಂದಾಜು ಮಾಡಿದ್ದೀರೋ ನನಗೆ ತಿಳಿಯದು. ಆ ಹಾಳೆ ಇಲ್ಲದ್ದರಿಂದ ಗುಳಿಗೆಯ ಹೆಸರೂ ನನಗೆ ತಲುಪಲಿಲ್ಲ. ಪೊಟ್ಟಣದಲ್ಲಿದ್ದದ್ದು ಬೇರೆ ಥರದ ಸಣ್ಣ ಬಿಳಿ ಗುಳಿಗೆ.

"ಇವೇನು ಭಾಯಿ, ಬ್ಯಾರೆ ಅದಾವಲ್ಲ?" ಎಂದು ಕೇಳಿದೆ.

"ನನಗೇನು ಹೇಳಿಲ್ರಿ ಅಕ್ಕೋರ. ನಿಮ್ಮ ಹೆಸರು ಹೇಳಿ ಕೊಟ್ಟರು, ತಂದೇನಿ" ಎಂದರು ಅವರು.

ಹಿಂದಿನ ಸಲ ಹುಬ್ಬಳ್ಳಿಗೆ ಹೋದಾಗ ವೈದ್ಯರು, ಇನ್ನೊಂದು ಸಣ್ಣ ಗುಳಿಗೆ ಸೇರಿಸಬೇಕಾಗಬಹುದು, ಆಸ್ಪಿರಿನ್, ನೋಡೋಣ, ದಾಂಡೇಲಿಗೆ ತಿಳಿಸುತ್ತೇನೆ ಎಂದಿದ್ದರು. ನನ್ನ ಹಳೆಯ ಗುಳಿಗೆ ಇನ್ನೂ ಅಟ್ಟದ ಮೇಲೆ ಮುಗಿಯದೆ ಉಳಿದಿತ್ತು. ಅದು ಇರುವಾಗಲೇ ಬೇರೆ ಗುಳಿಗೆ ಬಂದಿದೆ ಎಂದರೆ ಅದು ವೈದ್ಯರು ಹೇಳಿದ ಹೊಸದೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೂ ಕೇಳಿ ಖಚಿತ ಮಾಡಿಕೊಳ್ಳೋಣ ಎಂದು ಹರೀಶ ಅಂಚೆ ಕಚೇರಿಯ ಫೋನಿಗೆ ಹೋದರು. ಮಳೆಗೆ ತಂತಿ ಹರಿದು ಅದು ಸತ್ತು ಕೂತಿತ್ತು. ಹಳೆಯದು ಒಂದು, ಹೊಸದು ಒಂದು, ದಿನಾ ಎರಡೂ ನುಂಗಿದೆ. ಹೊಸದು ಆಸ್ಪಿರಿನ್ ಆಗಿರಲಿಲ್ಲ. ವಾರ್ಫರಿನ್ ಬದಲು ನೀವು ಕಳಿಸಿದ, ಅದೇ ಕೆಲಸವನ್ನು ಅದಕ್ಕಿಂತ ಜೋರಾಗಿ ಮಾಡುವ ಅಸೆನೊಕೌಮರಾಲ್ ಅದು.

ಮೊದಲು ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂತು. ಆಮೇಲೆ ತೊಡೆಯ ಮೇಲೆ, ತೋಳಿನ ಮೇಲೆ ಪೆಟ್ಟು ತಿನ್ನದೆಯೇ ನೀಲಿ ಮಚ್ಚೆಗಳು ಎದ್ದವು. ಜಾರುವ ಮಳೆಗಾಲ, ಎಲ್ಲೋ ತಗುಲಿರಬೇಕು ಎಂದುಕೊಂಡೆ. ಒಂದು ಮಧ್ಯಾಹ್ನ ಮೂರನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದಾಗ ಮೂಗಿನಿಂದ ರಕ್ತ ಹರಿಯತೊಡಗಿ, ನಿಲ್ಲಲೇ ಇಲ್ಲ. ಮಕ್ಕಳು ಮಗ್ಗಿ ನಿಲ್ಲಿಸಲಿಲ್ಲ, ನಾನು ನಿಲ್ಲಿಸಿ ಎಂದಿರಲಿಲ್ಲವಲ್ಲ. ಗೋದುಬಾಯಿ ಓಡಿ ಬಂದು ಸೀರೆಯ ಸೆರಗು ಹರಿದು ಮೂಗಿಗೆ ತುರುಕಿದಳು. ಅದೂ ನೆನೆಯಿತು. ಹರೀಶ ಗಿರಣಿ ಹಾಗೆಯೇ ಬಿಟ್ಟು ಬಂದು ರಸ್ತೆಗೆ ಅಡ್ಡ ನಿಂತರು. ಉಳವಿಯಿಂದ ತಿರುಗಿ ಬರುತ್ತಿದ್ದದ್ದು ಮೆಹಬೂಬ ಭಾಯಿಯ ಬಸ್ಸು.

ನನ್ನನ್ನು ಉದ್ದನೆಯ ಸೀಟಿನ ಮೇಲೆ ಒರಗಿಸಿದರು. ಕಣ್ಣು ಮಂಜಾಗಿದ್ದರೂ ಕಿವಿ ಕೇಳುತ್ತಿತ್ತು. ಮೆಹಬೂಬ ಭಾಯಿ ಬಸ್ಸಿನ ನಡುವೆ ನಿಂತು, "ಅಕ್ಕೋರ ಜೀವದ ಪ್ರಶ್ನೆ ಐತ್ರಿ. ನಡುವ ಎಲ್ಲೂ ನಿಲ್ಲೂದಿಲ್ಲ, ಸೀದಾ ದಾಂಡೇಲಿ. ಇಳಿಯೂದಿದ್ದವರು ನಾಳೆ ನನಗ ಬೈರಿ" ಎಂದರು. ಯಾರೋ ಒಬ್ಬರು, "ನಡೀರಿ, ನಡೀರಿ" ಎಂದರು. ಕೋಳಿ ಹಿಡಿದುಕೊಂಡಿದ್ದ ಮುದುಕನೊಬ್ಬ ತನ್ನ ಊರು ದಾಟಿದ್ದನ್ನು ಕಿಟಕಿಯಲ್ಲಿ ನೋಡಿ, ಕೋಳಿಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡ. ಅವನಿಗೆ ನಾನು ಇನ್ನೂ ಕೃತಜ್ಞತೆ ಹೇಳಿಲ್ಲ, ಯಾವ ಊರಿನವನೋ ಗೊತ್ತಿಲ್ಲ. ದಾಂಡೇಲಿಯಿಂದ ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಎರಡು ಮತ್ತು ಮೂರರ ನಡುವೆ ಇರಬೇಕಾದ ನನ್ನ ಅಂಕಿ ಒಂಬತ್ತನ್ನು ದಾಟಿತ್ತು.

ರಕ್ತ ನಿಲ್ಲಿಸಲು ಇಂಜೆಕ್ಷನ್ ಕೊಡಬೇಕು. ಆದರೆ ನನ್ನಂಥವರಿಗೆ ಅದು ಹೆಚ್ಚಾದರೆ ರಕ್ತ ಮತ್ತೆ ಹೆಪ್ಪುಗಟ್ಟುತ್ತದೆ. ವೈದ್ಯರು ಅಳೆದು ಸುರಿದು ಕೊಟ್ಟರು. ಹರೀಶ ಊರಿಗೆ ಹೋಗಿ ಅಟ್ಟದ ಡಬ್ಬಿಯನ್ನೂ ಪೊಟ್ಟಣವನ್ನೂ ತಂದು ತೋರಿಸಿದರು. ವೈದ್ಯರು ನಿಮ್ಮ ಕೇಂದ್ರಕ್ಕೆ ಫೋನು ಮಾಡಿದರು. ಹಾಸಿಗೆಯ ಮೇಲಿಂದ ನನಗೆ ಒಂದೇ ಬದಿಯ ಮಾತು ಕೇಳಿಸಿತು. ಕಡೆಗೆ ಫೋನು ಇಟ್ಟು ಅವರು ನಮ್ಮ ಕಡೆ ತಿರುಗಿ, "ಹಳೇ ಮಾಲು ಬರೂದು ನಿಂತದಂತ. ಬದಲಿ ಕೊಟ್ಟೇವಿ, ಎರಡೂ ಒಂದೇ ಅಂತಾರ" ಎಂದರು. ಅವರ ಮುಖದಲ್ಲೂ ಸಿಟ್ಟಿರಲಿಲ್ಲ, ಸುಸ್ತು ಇತ್ತು.

ಎರಡೂ ಒಂದೇ. ಮಾನ್ಯರೇ, ನಿಮ್ಮ ಮನೆಯಲ್ಲಿ ಸಾರು ಮಾಡುವವರನ್ನು ಒಂದು ಮಾತು ಕೇಳಿ ನೋಡಿ. ಬ್ಯಾಡಗಿ ಮೆಣಸಿನಕಾಯಿ ಸಿಗಲಿಲ್ಲವೆಂದು ಅಷ್ಟೇ ಹಿಡಿ ಗುಂಟೂರು ಮೆಣಸಿನಕಾಯಿ ಅರೆದು ಹಾಕಿದರೆ ನೀವು ಉಣ್ಣುತ್ತೀರಾ? ಎರಡೂ ಮೆಣಸಿನಕಾಯಿಯೇ ಅಲ್ಲವೇ? ಅಸೆನೊಕೌಮರಾಲ್ ಹೆಚ್ಚುಕಡಿಮೆ ಅರ್ಧ ಅಳತೆಯಲ್ಲೇ ವಾರ್ಫರಿನ್ನಿನಷ್ಟು ಕೆಲಸ ಮಾಡುತ್ತದೆ. ಎಷ್ಟು ಬೇಗ ಹತ್ತುತ್ತದೆ, ಎಷ್ಟು ಬೇಗ ಇಳಿಯುತ್ತದೆ ಎಂಬುದೂ ಬೇರೆ. ಬದಲಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಹುಬ್ಬಳ್ಳಿಯ ವೈದ್ಯರು ಕಡೆಗೆ ನಿಮ್ಮ ಅದೇ ಹೊಸ ಗುಳಿಗೆಗೆ ನನ್ನನ್ನು ಹೊಂದಿಸಿದರು. ಹಳೆಯದನ್ನು ನಿಲ್ಲಿಸಿ, ಸ್ವಲ್ಪದರಿಂದ ಶುರು ಮಾಡಿ, ಮತ್ತೆ ಮತ್ತೆ ರಕ್ತ ನೋಡಿ, ಅಳತೆ ಗೊತ್ತು ಮಾಡಿದರು. ಬದಲಿಸುವುದಕ್ಕೆ ಒಂದು ರೀತಿ ಇದೆ. ಆ ರೀತಿಯಲ್ಲಿ ಮೊದಲನೆಯದು, ಯಾರ ಮೈಯೊಳಗೆ ಆ ಔಷಧ ಹೋಗುತ್ತದೋ ಅವರಿಗೆ ಒಂದು ಮಾತು ಹೇಳುವುದು. ಅದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ನಿಮಗೆ ದೂರು ಬರೆದೆ. ಮತ್ತೊಬ್ಬರಿಗೆ ಹೀಗಾಗಬಾರದು ಎಂಬುದಷ್ಟೇ ಅದರಲ್ಲಿ ಇತ್ತು. ನಿಮ್ಮ ಕಚೇರಿ ತನಿಖೆ ಮಾಡಿತು. ತನಿಖೆಯ ಫಲವಾಗಿ, "ಔಷಧವನ್ನು ಅನಧಿಕೃತ ವ್ಯಕ್ತಿಯ ಮೂಲಕ ತರಿಸಿಕೊಂಡ ಕಾರಣ ರೋಗಿಗೆ ಅಗತ್ಯ ಮಾಹಿತಿ ತಲುಪಿರುವುದಿಲ್ಲ" ಎಂದು ವರದಿ ಬರೆದು ಸಾರಿಗೆಯವರಿಗೆ ಕಳಿಸಿದಿರಿ. ಅವರು ಇನ್ನೊಂದನ್ನು ತಾವೇ ಸೇರಿಸಿದರು: ನಿಗದಿತ ನಿಲ್ದಾಣಗಳಲ್ಲಿ ಬಸ್ಸು ನಿಲ್ಲಿಸದೆ ಪ್ರಯಾಣಿಕರಿಗೆ ಅನಾನುಕೂಲ ಉಂಟುಮಾಡಿದ್ದು. ಅಂದರೆ ನನ್ನ ಜೀವ ಹೋಗುವ ಹಾಗೆ ಮಾಡಿದ್ದಕ್ಕೆ ಒಂದು ಆರೋಪ, ಉಳಿಸಿದ್ದಕ್ಕೆ ಒಂದು ಆರೋಪ, ಎರಡೂ ಒಬ್ಬರ ಮೇಲೆಯೇ. ನಿಮ್ಮ ಲೆಕ್ಕದಲ್ಲಿ ಎಲ್ಲಿಯೂ ಪೋಲಿಲ್ಲ ಎಂದು ಒಪ್ಪಿಕೊಳ್ಳಬೇಕು.

ಮಾಹಿತಿ ತಲುಪಲಿಲ್ಲ ಎನ್ನುತ್ತೀರಿ. ಅದು ನಿಮ್ಮ ಕೇಂದ್ರದಿಂದ ಹೊರಟಿತ್ತೇ? ಹೊರಟಿದ್ದರೆ ಯಾರ ಬಾಯಿಂದ, ಯಾರ ಕಿವಿಗೆ? ಹುಬ್ಬಳ್ಳಿಯಲ್ಲಿ ನನ್ನ ಪಕ್ಕದ ವಾರ್ಡಿನಲ್ಲಿ ಹಳಿಯಾಳದ ಮಹಾಂತಪ್ಪ ಎಂಬ ಹಿರಿಯರಿದ್ದರು. ಹೃದಯದ ಕವಾಟ ಬದಲಿಸಿಕೊಂಡು ಅದೇ ಗುಳಿಗೆ ನುಂಗುವವರು. ಅವರು ಕಂಡಕ್ಟರ ಕೈಯಲ್ಲಿ ತರಿಸಿಕೊಂಡವರಲ್ಲ. ತಾವೇ ನಿಮ್ಮ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು, ಕೈ ಒಡ್ಡಿ ಇಸಿದುಕೊಂಡವರು. "ನನಗ ಯಾರೂ ಏನೂ ಅನ್ನಲಿಲ್ಲ ತಂಗಿ. ಅಳತಿ ಹಿಂದಿನಂಗ ಅಂದ್ರು, ಹಿಂದಿನಂಗ ತಗೊಂಡೆ" ಎಂದರು ನನಗೆ. ಅವರಿಗೆ ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಅವರ ವಿಷಯದಲ್ಲಿ ಯಾವ ಕಂಡಕ್ಟರನ್ನು ಅಮಾನತು ಮಾಡಿಸುತ್ತೀರಿ?

ಈಗಿನ ಪರಿಸ್ಥಿತಿ ಹೀಗಿದೆ. ಉಳವಿ ಬಸ್ಸಿಗೆ ಹೊಸ ಕಂಡಕ್ಟರ್ ಬಂದಿದ್ದಾರೆ. ಒಳ್ಳೆಯವರೇ. ಆದರೆ ಗುಳಿಗೆಯ ಮಾತೆತ್ತಿದರೆ ಕೈ ಮುಗಿಯುತ್ತಾರೆ. "ನನಗೂ ಹೇಣ್ತಿ ಮಕ್ಕಳು ಅದಾರ್ರಿ ಅಕ್ಕೋರ" ಎನ್ನುತ್ತಾರೆ. ನಾನು ಒತ್ತಾಯ ಮಾಡುವುದಿಲ್ಲ. ಹರೀಶ ಗಿರಣಿಗೆ ಬೀಗ ಹಾಕಿ ದಾಂಡೇಲಿಗೆ ಇಳಿಯುತ್ತಾರೆ. ಆವತ್ತು ಊರಿನಲ್ಲಿ ಹಿಟ್ಟಿಲ್ಲ. ಸಕ್ಕರೆ ಕಾಯಿಲೆಯ, ಮೂರ್ಛೆ ರೋಗದ ಗುಳಿಗೆಗಳನ್ನು ಇದೇ ರೀತಿ ತರಿಸಿಕೊಳ್ಳುತ್ತಿದ್ದವರು ಈ ರಸ್ತೆಯ ಬೇರೆ ಊರುಗಳಲ್ಲೂ ಇದ್ದಾರೆ. ಅವರು ನನ್ನನ್ನು ಕಂಡಾಗ ಏನೂ ಅನ್ನುವುದಿಲ್ಲ. ಅನ್ನದಿರುವುದೇ ನನಗೆ ಕಷ್ಟವಾಗುತ್ತದೆ. ದೂರು ಬರೆದವಳು ನಾನಲ್ಲವೇ.

ಕಳೆದ ರವಿವಾರ ನಾನು ದಾಂಡೇಲಿಗೆ ಹೋಗಿ ಮೆಹಬೂಬ ಭಾಯಿಯ ಮನೆ ಹುಡುಕಿದೆ. ಅವರು ಹೊರಗೆ ಹೋಗಿದ್ದರು. ಗ್ಯಾರೇಜಿನಲ್ಲಿ ದಿನಗೂಲಿಗೆ ದುಡಿಯುತ್ತಾರಂತೆ. ಅವರ ಹೆಂಡತಿ ನಸೀರಾ ಚಹಾ ಮಾಡಿಕೊಟ್ಟರು. ನಾನು ತಲೆ ತಗ್ಗಿಸಿಯೇ ಕುಡಿದೆ. ಆಕೆಯಿಂದಲೇ ನನಗೆ ಗೊತ್ತಾದದ್ದು, ಮೊದಲ ದಿನದ ವಿಚಾರಣೆಯಲ್ಲಿ ಏನು ನಡೆಯಿತೆಂದು. ಔಷಧ ಒಯ್ಯಲು ನಿನಗೆ ಯಾರು ಹೇಳಿದರು ಎಂದು ಸಾಹೇಬರು ಕೇಳಿದರಂತೆ. "ಯಾರೂ ಹೇಳಿಲ್ರಿ. ಅಕ್ಕೋರಿಗೆ ಜಡ್ಡು ಐತಿ, ಬಸ್ಸು ಆ ಕಡೆ ಹೋಗತೈತಿ. ನಾನಾಗಿ ಒಯ್ದೇನಿ" ಎಂದರಂತೆ ಮೆಹಬೂಬ ಭಾಯಿ.

"ಯಾಕ ಹಂಗ ಹೇಳಿದ್ರು? ನಾನ ಕೇಳಿದ್ದೆನಲ್ಲ" ಎಂದೆ.

ನಸೀರಾ ಲೋಟ ಎತ್ತಿಕೊಳ್ಳುತ್ತ, "ಅದನ್ನ ನಾನೂ ಕೇಳಿದೆ ಅಕ್ಕೋರ. ಅಕ್ಕೋರು ಸರಕಾರಿ ನೌಕರಿಯವರು, ಹೇಳಿದ್ರ ಅವರ ಹೆಸರೂ ಬರೀತಾರ, ಮೊದಲೇ ಜಡ್ಡಿನವರು ಅಂದ್ರು" ಎಂದರು. ಆಮೇಲೆ, "ನೀವು ಸುಳ್ಳು ಹೇಳಿ ಅವರ ನೌಕರಿ ಉಳಸಬ್ಯಾಡ್ರಿ. ಖರೇ ಹೇಳಿ ಉಳೀತಂದ್ರ ಉಳೀಲಿ" ಎಂದರು.

ಮಾನ್ಯರೇ, ನಾನು ಅವರ ಮನೆಯ ಮೆಟ್ಟಿಲಿಳಿದು ಬಸ್ ನಿಲ್ದಾಣದವರೆಗೆ ಅತ್ತುಕೊಂಡೇ ನಡೆದೆ. ಹೀಗೆ ಬರೆಯಲು ಸಂಕೋಚವಾಗುತ್ತದೆ, ಆದರೆ ನಡೆದದ್ದು ಅದು. ನನ್ನ ರಕ್ತ ನನ್ನ ವೈರಿ ಎಂಬುದಕ್ಕೆ ನಾನು ಒಗ್ಗಿಕೊಂಡಿದ್ದೇನೆ. ನನಗೆ ಒಳ್ಳೆಯದು ಮಾಡಿದವರಿಗೆ ನಾನೇ ವೈರಿಯಾಗುವುದಕ್ಕೆ ಒಗ್ಗಲಾರೆ.

ಸೋಮವಾರ ನನಗೆ ಕೇಳುವ ಪ್ರಶ್ನೆ ಏನೆಂದು ಕರೆಯ ಜೊತೆಗೇ ತಿಳಿಸಿದ್ದಾರೆ. "ಬದಲಾದ ಗುಳಿಗೆಯನ್ನು ನಿಮ್ಮ ಕೈಗೆ ಕೊಟ್ಟವರು ಯಾರು?" ಅಷ್ಟೇ. ಅದಕ್ಕೆ ಖರೆಯಾದ ಉತ್ತರ ಮೆಹಬೂಬ. ಆ ಒಂದು ಹೆಸರು ಬರೆದುಕೊಂಡು ಕಡತ ಕಟ್ಟಿಬಿಡಬಹುದು. ಆದ್ದರಿಂದ ನನ್ನ ಬೇಡಿಕೆಯನ್ನು ಮೊದಲೇ ಎಲ್ಲರೆದುರು ಇಡುತ್ತಿದ್ದೇನೆ. ಸೋಮವಾರಕ್ಕೆ ಮುಂಚೆ ನಿಮ್ಮ ವರದಿಯ ಆ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅದರ ಜಾಗದಲ್ಲಿ, ಗುಳಿಗೆಯನ್ನು ಬದಲಿಸಿದವರು ನಾವು, ಅದನ್ನು ರೋಗಿಗಾಗಲಿ ತರುವವರಿಗಾಗಲಿ ನಾವು ತಿಳಿಸಲಿಲ್ಲ ಎಂದು ಬರೆಯಿರಿ. ಇನ್ನು ಮುಂದೆ ಗುಳಿಗೆಯನ್ನು ಹೆಸರಿರುವ ಹಾಳೆಯಲ್ಲೇ ಕೊಡಿ. ಬದಲಿಸುವುದಿದ್ದರೆ ಮೊದಲು ನಮ್ಮ ವೈದ್ಯರಿಗೆ ತಿಳಿಸಿ, ರಕ್ತ ಪರೀಕ್ಷೆ ಆಗಲಿ, ಆಮೇಲೆ ಬದಲಿಸಿ. ಇದಕ್ಕಿಂತ ಹೆಚ್ಚಿನದನ್ನು ಕೇಳುವ ತ್ರಾಣ ನನಗಿಲ್ಲ.

ನೀವು ಇದನ್ನು ಮಾಡದೆ ಹೋದರೂ ನಾನು ಸೋಮವಾರ ಬರುತ್ತೇನೆ. ಗುಳಿಗೆ ಕೊಟ್ಟವರು ಮೆಹಬೂಬ ಎಂದು ಹೇಳುತ್ತೇನೆ. ವಿಚಾರಣೆಯವರು ಕೇಳದಿದ್ದರೂ ಮುಂದಿನ ಮಾತನ್ನೂ ಹೇಳುತ್ತೇನೆ: ತನಗೆ ಯಾರೂ ಹೇಳಿಲ್ಲ ಎಂದು ಮೆಹಬೂಬ ಬರೆಸಿದ್ದು ಸುಳ್ಳು, ತರಲು ಹೇಳಿದವಳು ನಾನು. ಅನಧಿಕೃತ ಸಾಗಣೆಗೆ ಶಿಕ್ಷೆಯಾಗುವುದಾದರೆ ಅದು ತರಿಸಿಕೊಂಡವಳಿಂದ ಶುರುವಾಗಲಿ. ನನ್ನ ಇಲಾಖೆಗೂ ಒಂದು ಪ್ರತಿ ಕಳಿಸಿ. ಶಾಲೆಗೆ ನನ್ನ ಬದಲಿಗೆ ಯಾರನ್ನಾದರೂ ಕಳಿಸುವುದಿದ್ದರೆ, ಮಕ್ಕಳಿಗೆ ಮಾತ್ರ ಮೊದಲೇ ಹೇಳಿ.

ಇಂತಿ,
ನಿಮ್ಮ ಕಡತದಲ್ಲಿ ಸಾಕ್ಷಿ, ನನ್ನ ಲೆಕ್ಕದಲ್ಲಿ ಮೊದಲ ಆರೋಪಿ,
ತುಳಜಾ ಹರೀಶ
ಉಳವಿ ರಸ್ತೆ, ಜೊಯಿಡಾ ತಾಲ್ಲೂಕು